ಘಟ್ಟದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ದಟ್ಟ ಬಿಳಿ ಹೊಗೆ, ಊರಲ್ಲಿ ಏನೂ ಇಲ್ಲ. ಟರ್ಬೊ ಹೋಗಿದೆಯಾ?

ಕಲ್ಸಂಕ

ನಮಸ್ಕಾರ ಎಲ್ಲರಿಗೂ. ನಾನು ಉಡುಪಿಯವನು. ಕಾರು 2015ರ ಮಾಡೆಲ್, 1.5 ಲೀಟರ್ ಟರ್ಬೊ ಡೀಸೆಲ್, ಒಂದು ಲಕ್ಷ ಕಿಲೋಮೀಟರ್ ದಾಟಿದೆ. ಊರಲ್ಲಿ ಯಾವ ತೊಂದರೆಯೂ ಇಲ್ಲ. ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತದೆ. ಆದರೆ ಹೆಂಡತಿಯ ತವರು ಮೂಡಿಗೆರೆ ಹತ್ತಿರ. ಅಲ್ಲಿ ರಾತ್ರಿ ಅಂಗಳದಲ್ಲಿ ನಿಲ್ಲಿಸಿ ಬೆಳಿಗ್ಗೆ ತೆಗೆಯಲು ಹೋದರೆ ಸೆಲ್ಫ್ ತುಂಬ ಹೊತ್ತು ಹೊಡೆಯಬೇಕು, ಸ್ಟಾರ್ಟ್ ಆದ ಮೇಲೆ ಎಂಜಿನ್ ಗಡಗಡ ನಡುಗುತ್ತದೆ, ಅಂಗಳ ತುಂಬ ಬಿಳಿ ಹೊಗೆ. ಸ್ವಲ್ಪ ಹೊತ್ತಿಗೆ ಎಲ್ಲ ಸರಿಯಾಗುತ್ತದೆ. ಆಮೇಲೆ ದಿನವಿಡೀ ಒಂದು ಚೂರು ಹೊಗೆ ಇಲ್ಲ, ಪಿಕಪ್ ಕೂಡ ಚೆನ್ನಾಗಿದೆ, ಚಾರ್ಮಾಡಿ ಹತ್ತುವಾಗ ಎಲ್ಲೂ ಎಳೆತ ಕಡಿಮೆ ಅನಿಸಿಲ್ಲ.

ಒಂದು ಗ್ಯಾರೇಜಿನಲ್ಲಿ ವಿಡಿಯೊ ತೋರಿಸಿದೆ. ನೋಡಿದ ಕೂಡಲೇ ಟರ್ಬೊ ಸೀಲ್ ಹೋಗಿದೆ, ಟರ್ಬೊನೇ ಬದಲಿಸಬೇಕು ಅಂದರು. ಬಾನೆಟ್ ಕೂಡ ತೆಗೆಯಲಿಲ್ಲ. ಹೇಳಿದ ಖರ್ಚು ಕೇಳಿ ಕೈಕಾಲು ತಣ್ಣಗಾಯಿತು. ಇನ್ನೊಂದು ಕಡೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಪದರ) ಹೋಗಿರಬಹುದು ಅಂದರು. ಯಾರನ್ನು ನಂಬಬೇಕು ಗೊತ್ತಾಗುತ್ತಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಪಣಂಬೂರು ಡೀಸೆಲ್

ಯಾವುದನ್ನೂ ಬಿಚ್ಚಿಸಬೇಡಿ, ದುಡ್ಡು ಕೊಡಬೇಡಿ. ಮೊದಲು ಕೆಲವು ವಿಷಯ ಹೇಳಿ. ಹೊಗೆ ಬೆಳ್ಳಗಿದೆಯಾ ಅಥವಾ ಅದರಲ್ಲಿ ನೀಲಿ ಛಾಯೆ ಇದೆಯಾ? ವಿಡಿಯೊದಲ್ಲಿ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ, ಕಣ್ಣಲ್ಲಿ ನೋಡಿದ್ದನ್ನೇ ಹೇಳಿ. ವಾಸನೆ ಹೇಗಿದೆ? ಹಸಿ ಡೀಸೆಲ್ ವಾಸನೆಯಾ, ಸುಟ್ಟ ಎಣ್ಣೆಯಾ, ಸಿಹಿ ಸಿಹಿಯಾ? ಗಾಳಿಯಲ್ಲಿ ಕರಗುತ್ತದೆಯಾ, ಅಲ್ಲೇ ತೂಗಾಡುತ್ತದೆಯಾ? ಕೂಲೆಂಟ್ ಇಳಿದಿದೆಯಾ? ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಇಳಿದಿದೆಯಾ, ಏರಿದೆಯಾ? ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಹೊಗೆ ಅಂತ ಕಾಣುವುದೆಲ್ಲ ಹೊಗೆಯೂ ಅಲ್ಲ. ಒಂದು ಲೀಟರ್ ಪೆಟ್ರೋಲ್ ಅಥವಾ ಡೀಸೆಲ್ ಸುಟ್ಟರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಸೈಲೆನ್ಸರ್‌ನಿಂದ ಹೊರಗೆ ಬರುತ್ತದೆ. ಮಂಗಳೂರಲ್ಲಿ ಜನವರಿ ಬೆಳಿಗ್ಗೆಯೂ 20 ಡಿಗ್ರಿ ಆಸುಪಾಸು ಇರುವುದರಿಂದ ಅದು ಅಷ್ಟಾಗಿ ಕಾಣುವುದಿಲ್ಲ, ಸೈಲೆನ್ಸರ್ ತುದಿಯಲ್ಲಿ ನೀರು ತೊಟ್ಟಿಕ್ಕುತ್ತದೆ ಅಷ್ಟೆ. ಮೂಡಿಗೆರೆಯ ಚಳಿಗೆ ಅದೇ ಆವಿ ಬೆಳ್ಳಗೆ ಕಾಣಿಸುತ್ತದೆ. ಆದರೆ ಆವಿ ಎರಡು ಮೂರು ಅಡಿ ದೂರದಲ್ಲಿ ಕರಗಿ ಹೋಗುತ್ತದೆ, ವಾಸನೆ ಇರುವುದಿಲ್ಲ, ಎಂಜಿನ್ ನಡುಗುವುದಿಲ್ಲ. ನಿಮ್ಮದು ನಡುಗುತ್ತಿದೆ, ಅದಕ್ಕೇ ಇದು ಬರೀ ಆವಿ ಅಲ್ಲ ಅನಿಸುತ್ತದೆ.

ಹೆಬ್ರಿ ದಾರಿ

ನಮ್ಮ ಪಕ್ಕದ ಮನೆಯವರ ಕಾರಿಗೂ ಹೀಗೇ ಆಗಿತ್ತು, ಟರ್ಬೊ ಬದಲಿಸಿದ ಮೇಲೆ ಸರಿಯಾಯಿತು. ಟರ್ಬೊ ಕಾರು, ಹೊಗೆ ಬಂದರೆ ಟರ್ಬೊನೇ. ಸುಮ್ನೆ ಕಾಯುತ್ತಾ ಕೂತರೆ ಎಂಜಿನ್ ಹೋಗುತ್ತದೆ.

ಬಜ್ಪೆ ಸ್ಪ್ಯಾನರ್

ಹೆಬ್ರಿಯವರೇ, ಕೋಪ ಮಾಡಿಕೊಳ್ಳಬೇಡಿ, ಆದರೆ ಈ ಮಾತಿನಿಂದಲೇ ಜನ ಸುಮ್ಮಸುಮ್ಮನೆ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ನಾನು ಕೈ ಕೊಳೆ ಮಾಡಿಕೊಳ್ಳುವ ಕೆಲಸದವನು, ಬಿಚ್ಚಿ ತೆಗೆದ ಒಳ್ಳೇ ಟರ್ಬೊಗಳನ್ನು ತುಂಬ ನೋಡಿದ್ದೇನೆ. ನೋಡಿದಾಗಲೆಲ್ಲ ಬೇಜಾರಾಗುತ್ತದೆ.

ಟರ್ಬೊದ ಒಳಗೆ ಒಂದು ಸಣ್ಣ ಶಾಫ್ಟ್ ಇರುತ್ತದೆ. ಒಂದು ತುದಿಯ ಚಕ್ರವನ್ನು ಎಕ್ಸಾಸ್ಟ್ ಗಾಳಿ ತಿರುಗಿಸುತ್ತದೆ, ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಒತ್ತಿ ಎಂಜಿನ್‌ಗೆ ಕಳಿಸುತ್ತದೆ. ಸಣ್ಣ ಕಾರಿನ ಟರ್ಬೊ ಜೋರಾಗಿ ತಿರುಗುವಾಗ ನಿಮಿಷಕ್ಕೆ ಒಂದೂವರೆ ಎರಡು ಲಕ್ಷ ಸುತ್ತು ಮುಟ್ಟುತ್ತದೆ. ಆ ಶಾಫ್ಟ್ ಎಂಜಿನ್ ಆಯಿಲ್‌ನ ತೆಳು ಪದರದ ಮೇಲೆ ತೇಲುತ್ತಿರುತ್ತದೆ. ಅಲ್ಲಿ ಇರುವ ಸೀಲ್ ಪಿಸ್ಟನ್ ರಿಂಗ್ ಥರದ ಸಣ್ಣ ಉಂಗುರ, ರಬ್ಬರ್ ಸೀಲ್ ಅಲ್ಲ. ಎರಡೂ ಬದಿಯ ಗಾಳಿಯ ಒತ್ತಡ ಸರಿ ಇರಬೇಕು, ಕೆಲಸ ಮುಗಿಸಿದ ಆಯಿಲ್ ಕೆಳಗಿನ ಪೈಪಿನಲ್ಲಿ ತನ್ನಷ್ಟಕ್ಕೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿಯಬೇಕು. ಎರಡೂ ಸರಿ ಇದ್ದರೆ ಮಾತ್ರ ಆಯಿಲ್ ಅತ್ತಿತ್ತ ದಾಟುವುದಿಲ್ಲ. ಆ ಪೈಪ್ ಕಟ್ಟಿಕೊಂಡರೆ, ಅಥವಾ ಎಂಜಿನ್ ಒಳಗಿನ ಗಾಳಿ ಹೊರಗೆ ಹೋಗುವ ದಾರಿ ಮುಚ್ಚಿಕೊಂಡು ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿದರೆ, ಒಳ್ಳೇ ಟರ್ಬೊ ಕೂಡ ಆಯಿಲ್ ಉಗುಳುತ್ತದೆ. ಆಗ ಹೊಸ ಟರ್ಬೊ ಹಾಕಿದರೂ ಹೊಗೆ ನಿಲ್ಲುವುದಿಲ್ಲ. ಪಕ್ಕದ ಮನೆಯವರಿಗೆ ಸರಿಯಾಯಿತು ಅಂದರೆ ಅವರದ್ದು ನಿಜವಾಗಿಯೂ ಟರ್ಬೊ ಇದ್ದಿರಬಹುದು, ಅಥವಾ ಜೊತೆಗೆ ಪೈಪ್ ತೊಳೆದದ್ದರಿಂದ ಸರಿಯಾಗಿರಬಹುದು.

ಮುಖ್ಯ ವಿಷಯ ಬಣ್ಣ. ಟರ್ಬೊದಿಂದ ಆಯಿಲ್ ಬಂದರೆ ಹೊಗೆ ನೀಲಿ. ಸುಟ್ಟ ಎಣ್ಣೆಯ ಘಾಟು ಇರುತ್ತದೆ. ಬೆಳಿಗ್ಗೆ ಮಾತ್ರ ಬಂದು ದಿನವಿಡೀ ಸುಮ್ಮನಿರುವುದೂ ಅಪರೂಪ. ಬಿಸಿಯಾದ ಮೇಲೂ ಬರುತ್ತದೆ, ಆಯಿಲ್ ಮಟ್ಟ ಇಳಿಯುತ್ತದೆ, ಕೆಲವೊಮ್ಮೆ ಸಿಳ್ಳೆ ಹೊಡೆದ ಹಾಗೆ ಶಬ್ದ ಬರುತ್ತದೆ, ಎಳೆತ ಕಡಿಮೆಯಾಗುತ್ತದೆ. ಕಲ್ಸಂಕದವರೇ, ನಿಮ್ಮಲ್ಲಿ ಇದು ಯಾವುದೂ ಇಲ್ಲ ಅಲ್ವಾ?

ನೋಡಲೇಬೇಕು ಅಂದರೆ ತಣ್ಣಗಿರುವಾಗ ಏರ್ ಫಿಲ್ಟರ್ ಕಡೆಯ ಹೋಸ್ ತೆಗೆದು ಚಕ್ರವನ್ನು ಬೆರಳಲ್ಲಿ ಅಲ್ಲಾಡಿಸಿ. ಅಡ್ಡಡ್ಡಕ್ಕೆ ತುಸು ಆಟ ಇದ್ದೇ ಇರುತ್ತದೆ, ಆಯಿಲ್ ಪದರಕ್ಕೆ ಜಾಗ ಬೇಕಲ್ಲ. ಅದನ್ನು ತೋರಿಸಿ ‘ನೋಡಿ, ಲೂಸ್ ಆಗಿದೆ’ ಅಂತ ಹೆದರಿಸುವವರು ಇದ್ದಾರೆ. ಹಿಂದೆ ಮುಂದೆ ಎಳೆದಾಗ ಆಟ ಕೈಗೆ ಸಿಕ್ಕರೆ, ಅಥವಾ ಚಕ್ರದ ಎಲೆ ಗೋಡೆಗೆ ತಾಗಿದ ಗುರುತು ಇದ್ದರೆ ಆಗ ಚಿಂತೆ ಮಾಡಿ. ಟರ್ಬೊ ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್‌ನ ಹೋಸಿನಲ್ಲಿ ಎಣ್ಣೆಯ ತೆಳು ಪಸೆ ಇದ್ದರೆ ಅದೂ ಮಾಮೂಲಿ. ಹೋಸ್ ಬಗ್ಗಿಸಿದಾಗ ಆಯಿಲ್ ಸುರಿದರೆ ಮಾಮೂಲಿ ಅಲ್ಲ.

ಕಲ್ಸಂಕ

ತುಂಬ ಧನ್ಯವಾದ. ವಾರಾಂತ್ಯಕ್ಕೆ ಅಲ್ಲಿಗೆ ಹೋಗುವುದಿತ್ತು, ಹಾಗಾಗಿ ಈ ಸಲ ಗಮನಿಸಿ ನೋಡಿದೆ. ಬಣ್ಣ ಪೂರ್ತಿ ಬಿಳಿ, ಸ್ವಲ್ಪ ಬೂದು ಅನ್ನಬಹುದು. ನೀಲಿ ಇಲ್ಲ. ವಾಸನೆ ಹಸಿ ಡೀಸೆಲ್, ಕಣ್ಣು ಉರಿಯುವಷ್ಟು. ತೋಟದ ಕಡೆ ತುಂಬ ಹೊತ್ತು ತೂಗಾಡುತ್ತಿತ್ತು, ಕರಗಲಿಲ್ಲ. ಕೂಲೆಂಟ್ ಗೆರೆಯಷ್ಟೇ ಇದೆ. ಆಯಿಲ್ ಕೂಡ ಇಳಿದಿಲ್ಲ. ಬಿಸಿಯಾದ ಮೇಲೆ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಇಲ್ಲ. ಆಯಿಲ್ ಕ್ಯಾಪಿನ ಒಳಗೆ ಬೆಣ್ಣೆ ಥರ ಏನೋ ಹಳದಿ ಕಂಡಿತು, ಅದೊಂದು ಹೆದರಿಕೆ. ಹೆಡ್ ಗ್ಯಾಸ್ಕೆಟ್ ಅಂದವರು ಅದನ್ನೇ ತೋರಿಸಿದ್ದು.

ಪಣಂಬೂರು ಡೀಸೆಲ್

ಬೆಣ್ಣೆಯ ವಿಷಯ ಮೊದಲು ಮುಗಿಸುತ್ತೇನೆ. ನಮ್ಮ ಕರಾವಳಿಯ ತೇವದಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಅಂತ ಸಣ್ಣ ಓಡಾಟ ಮಾತ್ರ ಇದ್ದರೆ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ನೀರಾವಿ ತಣ್ಣಗಿರುವ ಕ್ಯಾಪಿಗೆ ಅಂಟಿ ಆಯಿಲ್ ಜೊತೆ ಕದಡಿ ಹಾಗೆ ಕಾಣುತ್ತದೆ. ಡಿಪ್‌ಸ್ಟಿಕ್‌ನ ಆಯಿಲ್ ಶುದ್ಧವಾಗಿದ್ದು, ಕೂಲೆಂಟ್ ಇಳಿಯದೆ ಇದ್ದರೆ ಬರೀ ಕ್ಯಾಪಿನ ಬೆಣ್ಣೆ ನೋಡಿ ಹೆಡ್ ಬಿಚ್ಚುವುದು ತಪ್ಪು. ಒರೆಸಿ, ಒಮ್ಮೆ ಕುಂದಾಪುರದವರೆಗೆ ಹೈವೇಯಲ್ಲಿ ಓಡಿಸಿ ಬನ್ನಿ, ಆಮೇಲೆ ನೋಡಿ.

ಈಗ ಹೊಗೆ. ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ ಅಂದರೆ ಸುಡದೆ ಹೊರಗೆ ಬಂದ ಡೀಸೆಲ್. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೆ ಡೀಸೆಲ್ ಸಿಂಪಡಿಸಿದಾಗ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಎಂಜಿನ್ ಕಬ್ಬಿಣ ತಣ್ಣಗಿದ್ದರೆ ಆ ಬಿಸಿಯನ್ನು ಹೀರಿಕೊಂಡು ಬಿಡುತ್ತದೆ. ಅದಕ್ಕೇ ಪ್ರತಿ ಸಿಲಿಂಡರಿಗೂ ಒಂದು ಹೀಟರ್ ಪ್ಲಗ್ ಇಟ್ಟಿರುತ್ತಾರೆ, ಪುಸ್ತಕದಲ್ಲಿ ಗ್ಲೋ ಪ್ಲಗ್ ಅಂತ ಬರೆದಿರುತ್ತದೆ. ಅದರ ತುದಿ ಕೆಲವೇ ಸೆಕೆಂಡಿನಲ್ಲಿ 800 ಡಿಗ್ರಿ ದಾಟುತ್ತದೆ. ಸ್ಟಾರ್ಟ್ ಆದ ಮೇಲೂ ಸ್ವಲ್ಪ ಹೊತ್ತು ಉರಿಯುತ್ತಾ ಇರುತ್ತದೆ, ತಣ್ಣಗಿನ ಎಂಜಿನ್ ನಡುಗದೆ, ಹೊಗೆ ಬಿಡದೆ ನಡೆಯಲಿ ಅಂತ.

ನಾನು ಒತ್ತಿ ಹೇಳಬೇಕಾದ ವಿಷಯ ಇಲ್ಲಿದೆ. ಮಂಗಳೂರು, ಉಡುಪಿಯಲ್ಲಿ ಹೀಟರ್ ಪ್ಲಗ್ ಸತ್ತರೂ ನಮಗೆ ಗೊತ್ತಾಗುವುದೇ ಇಲ್ಲ. ನಮ್ಮಲ್ಲಿ ಬೆಳಗಿನ ಜಾವವೂ ಗಾಳಿ ಬೆಚ್ಚಗೆ. ಜಾಸ್ತಿ ಒತ್ತಡದಲ್ಲಿ ಡೀಸೆಲ್ ಸಿಂಪಡಿಸುವ ಈಗಿನ ಕಾಮನ್ ರೈಲ್ ಎಂಜಿನ್ ಆ ಬಿಸಿಗೆ ಪ್ಲಗ್ ಸಹಾಯ ಇಲ್ಲದೆಯೇ ಸ್ಟಾರ್ಟ್ ಆಗಿಬಿಡುತ್ತದೆ. ಒಂದು ಪ್ಲಗ್ ಹೋಗುತ್ತದೆ, ಆಮೇಲೆ ಇನ್ನೊಂದು ಹೋಗುತ್ತದೆ, ಕಾರು ಏನೂ ಹೇಳುವುದಿಲ್ಲ. ಘಟ್ಟ ಹತ್ತಿ 12, 13 ಡಿಗ್ರಿ ಚಳಿಯಲ್ಲಿ ರಾತ್ರಿ ನಿಲ್ಲಿಸಿದಾಗ ಒಮ್ಮೆಲೇ ಹೊರಗೆ ಬರುತ್ತದೆ. ಮೂಡಿಗೆರೆ ಸಮುದ್ರ ಮಟ್ಟದಿಂದ ಸುಮಾರು 1,000 ಮೀಟರ್ ಮೇಲೆ. ಅಲ್ಲಿ ಗಾಳಿಯೂ ಇಲ್ಲಿಗಿಂತ ಹತ್ತರಲ್ಲಿ ಒಂದು ಪಾಲು ತೆಳು, ಹಾಗಾಗಿ ಒತ್ತಿದಾಗ ಸಿಗುವ ಒತ್ತಡ ಕೂಡ ಕಡಿಮೆ. ಮಡಿಕೇರಿ, ಚಿಕ್ಕಮಗಳೂರು, ಕುದುರೆಮುಖ, ಎಲ್ಲ ಕಡೆ ಇದೇ ಕತೆ. ಮನೆಗೆ ಬಂದು ಗ್ಯಾರೇಜಿಗೆ ಕೊಟ್ಟರೆ ಅಲ್ಲಿ ಹೊಗೆ ಇಲ್ಲ. ಕಣ್ಣಾರೆ ಕಾಣದ ರೋಗಕ್ಕೆ ವಿಡಿಯೊ ನೋಡಿ ಔಷಧಿ ಕೊಡುತ್ತಾರೆ.

ಮತ್ತೆ, ಸ್ಟಾರ್ಟ್ ಆಗಿ ಬರೀ ಐಡಲ್‌ನಲ್ಲಿ ನಿಂತಿರುವಾಗ ಟರ್ಬೊ ಹೇಳಿಕೊಳ್ಳುವಂಥ ಒತ್ತಡ ಕೊಡುವುದೇ ಇಲ್ಲ. ಹಾಗಾಗಿ ಟರ್ಬೊ ದುರ್ಬಲವಾಗಿ ಬೆಳಿಗ್ಗೆ ಬಿಳಿ ಹೊಗೆ ಅನ್ನುವ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

ಪ್ಲಗ್ ಅಲ್ಲದಿದ್ದರೆ ಉಳಿದದ್ದು ಎರಡು. ಡೀಸೆಲ್ ಸಿಂಪಡಿಸುವ ನಾಜಲ್ ರಾತ್ರಿ ತೊಟ್ಟಿಕ್ಕುವುದು, ಅಥವಾ ಕಂಪ್ರೆಶನ್, ಅಂದರೆ ಸಿಲಿಂಡರಿನಲ್ಲಿ ಗಾಳಿ ಒತ್ತುವುದು, ಕಡಿಮೆ. ನಾಜಲ್ ಸೋರಿದರೆ ಸಾಮಾನ್ಯವಾಗಿ ಊರಲ್ಲೂ ಬೆಳಿಗ್ಗೆ ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆದು ಸ್ವಲ್ಪ ಹೊಗೆ ಕಾಣುತ್ತದೆ. ನಿಮ್ಮದು ಚಳಿಯಲ್ಲಿ ಮಾತ್ರ, ಅದಕ್ಕೇ ನನ್ನ ಮೊದಲ ಅನುಮಾನ ಪ್ಲಗ್ ಮೇಲೆ.

ಮಲ್ಟಿಮೀಟರ್

ಪಣಂಬೂರಿನವರು ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ಅಳೆಯುವುದು ಸುಲಭ, ಅದನ್ನು ಮೊದಲು ಮಾಡಿ.

ಕೀ ಆಫ್ ಇರಲಿ, ಎಂಜಿನ್ ತಣ್ಣಗಿರಲಿ. ಪ್ಲಗ್ ಮೇಲಿನ ತಂತಿ ಅಥವಾ ಪಟ್ಟಿ ತೆಗೆಯಿರಿ. ಮೀಟರನ್ನು ಓಮ್‌ಗೆ ಇಟ್ಟು ಒಂದು ಮುಳ್ಳು ಪ್ಲಗ್ ತುದಿಗೆ, ಇನ್ನೊಂದು ಎಂಜಿನ್ ಕಬ್ಬಿಣಕ್ಕೆ. ಒಳ್ಳೇ ಪ್ಲಗ್ ಒಂದು ಓಮ್ ಆಸುಪಾಸು ತೋರಿಸುತ್ತದೆ, ಅರ್ಧ ಇರಬಹುದು, ಎರಡರ ಹತ್ತಿರ ಇರಬಹುದು, ಆದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ ಇರಬೇಕು. ಮೀಟರಿನ ಮುಳ್ಳು ಎರಡನ್ನೂ ಒಂದಕ್ಕೊಂದು ತಾಗಿಸಿ ಎಷ್ಟು ಬರುತ್ತದೆ ನೋಡಿಕೊಂಡು ಅಷ್ಟನ್ನು ಕಳೆಯಿರಿ. ಯಾವುದಾದರೂ ಒಂದು ಏನೂ ತೋರಿಸದೆ ಓಪನ್ ಅಂತ ಬಂದರೆ ಅದು ಸತ್ತಿದೆ.

ದಯವಿಟ್ಟು ಪ್ಲಗ್ ಬಿಚ್ಚಿ ಬ್ಯಾಟರಿಗೆ ನೇರ ಹಿಡಿದು ಕೆಂಪಾಗುತ್ತದಾ ಅಂತ ನೋಡಬೇಡಿ. ಹಳೇ ಕಾಲದ ಪ್ಲಗ್‌ಗೆ ಅದು ನಡೆಯುತ್ತಿತ್ತು. ಈಗಿನ ಎಷ್ಟೋ ಕಾರಿನಲ್ಲಿ ಕಡಿಮೆ ವೋಲ್ಟೇಜಿನ ಪ್ಲಗ್ ಇರುತ್ತದೆ, 12 ವೋಲ್ಟ್ ಕೊಟ್ಟು ಹಿಡಿದರೆ ಅಲ್ಲೇ ಸುಟ್ಟು ಹೋಗುತ್ತದೆ. ಒಳ್ಳೇ ಪ್ಲಗ್ಗನ್ನು ಪರೀಕ್ಷೆ ಮಾಡಿಯೇ ಕೊಂದ ಹಾಗಾಗುತ್ತದೆ.

ಡ್ಯಾಶ್‌ಬೋರ್ಡಿನ ಸುರುಳಿ ದೀಪವನ್ನೂ ನಂಬಬೇಡಿ. ತುಂಬ ಕಾರುಗಳಲ್ಲಿ ಅದು ಕೂಲೆಂಟ್ ಎಷ್ಟು ತಣ್ಣಗಿದೆ ಅಂತ ನೋಡಿ ಇಸಿಯು (ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್) ಲೆಕ್ಕ ಹಾಕಿ ಉರಿಸುವ ದೀಪ. ದೀಪ ಆರಿತು ಅಂದರೆ ಪ್ಲಗ್ ಕಾದಿದೆ ಅಂತ ಅರ್ಥ ಅಲ್ಲ, ಇಷ್ಟು ಹೊತ್ತು ಸಾಕು ಅಂತ ಲೆಕ್ಕ ಮುಗಿದಿದೆ ಅಷ್ಟೆ. ನಮ್ಮೂರಿನ ಬಿಸಿಗೆ ಅದು ಕಂಡ ಹಾಗೆ ಮಾಡಿ ಆರುತ್ತದೆ.

ಪ್ಲಗ್ ಎಲ್ಲ ಚೆನ್ನಾಗಿದ್ದರೂ ಅಲ್ಲಿಗೆ ಕರೆಂಟ್ ಬರುತ್ತಿದೆಯಾ ನೋಡಬೇಕು. ಒಂದೊಂದು ಪ್ಲಗ್ ಶುರುವಿನಲ್ಲಿ 10 ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ, ಹಾಗಾಗಿ ಕನೆಕ್ಟರ್ ಸ್ವಲ್ಪ ಕೊಳೆಯಾದರೂ ಬಿಸಿ ಕಡಿಮೆಯಾಗುತ್ತದೆ. ಸಮುದ್ರದ ಹತ್ತಿರ ನಿಲ್ಲಿಸುವ ಕಾರಿನಲ್ಲಿ ಉಪ್ಪುಗಾಳಿಗೆ ರಿಲೇ ಕನೆಕ್ಟರಿನ ಪಿನ್ ಹಸಿರು ಹಿಡಿಯುವುದು ಮಾಮೂಲಿ. ಫ್ಯೂಸ್, ರಿಲೇ, ಕನೆಕ್ಟರ್, ಕೊನೆಗೆ ಇಲಿ ಕಚ್ಚಿದ ತಂತಿ. ನಮ್ಮ ಕಡೆ ಇಲಿಯನ್ನು ಮರೆಯಲೇಬಾರದು.

ಮಲ್ಪೆ ಬಂದರು

ನನ್ನದು ಬೋಟಿನ ಎಂಜಿನ್ ಕೆಲಸ, ಕಾರಿನದ್ದಲ್ಲ. ಆದರೆ ಹೊಗೆ ಓದುವುದು ಎರಡಕ್ಕೂ ಒಂದೇ. ಒಂದು ಸುಲಭದ ಉಪಾಯ ಹೇಳುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಸೈಲೆನ್ಸರ್ ಹಿಂದೆ ಒಂದು ಗೇಣು ದೂರದಲ್ಲಿ ಬಿಳಿ ಕಾಗದ ಹಿಡಿಯಿರಿ. ನಂತರ ಅದನ್ನು ಬಿಸಿಲಿಗೆ ಒಣಗಿಸಿ. ನೀರಾದರೆ ಗುರುತು ಉಳಿಯುವುದಿಲ್ಲ, ಸ್ವಲ್ಪ ಮಸಿ ಇರಬಹುದು. ಡೀಸೆಲ್ ಆದರೆ ಮೂಗಿಗೆ ಹಿಡಿದಾಗ ಗೊತ್ತಾಗುತ್ತದೆ. ಆಯಿಲ್ ಆದರೆ ಜಿಡ್ಡಿನ ಚುಕ್ಕೆ ಹಾಗೇ ಉಳಿಯುತ್ತದೆ, ಬೆಳಕಿಗೆ ಹಿಡಿದರೆ ಕಾಗದ ಪಾರದರ್ಶಕವಾಗಿ ಕಾಣುತ್ತದೆ.

ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ನೋಡಲು ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಸ್ಟಾರ್ಟ್ ಆದ ಕೂಡಲೇ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪ್ರತಿ ಕವಲಿಗೂ ಹಿಡಿಯಿರಿ. ಉಳಿದವು ಬಿಸಿಯಾಗುತ್ತಾ ಇದ್ದು ಒಂದು ತಣ್ಣಗೇ ಉಳಿದರೆ ಅಲ್ಲಿ ಡೀಸೆಲ್ ಹೊತ್ತಿಕೊಳ್ಳುತ್ತಿಲ್ಲ. ಕೈ ಹಚ್ಚಿ ನೋಡಬೇಡಿ.

ಮತ್ತೆ ಇದನ್ನೆಲ್ಲ ಮುಚ್ಚಿದ ಶೆಡ್ಡಿನಲ್ಲಿ ಮಾಡಬೇಡಿ. ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಅಂಗಳಕ್ಕೆ ತಂದು ಮಾಡಿ.

ಕಾರ್ಕಳ ಬಂಡೆ

ಒಂದು ಪ್ರಶ್ನೆ. ವರ್ಷಕ್ಕೆ ಎಲ್ಲೋ ಕೆಲವು ಸಲ ಘಟ್ಟ ಹತ್ತುವುದು. ಸ್ವಲ್ಪ ಹೊತ್ತು ಹೊಗೆ ಬಂದರೆ ಬರಲಿ, ಹಾಗೇ ಬಿಟ್ಟರೆ ಎಂತ ಆಗುತ್ತದೆ? ಪಿಯುಸಿ ಪಾಸಾಗುತ್ತದೆ, ಕಾರು ಓಡುತ್ತದೆ.

ಬಜ್ಪೆ ಸ್ಪ್ಯಾನರ್

ಪಿಯುಸಿ ಮಾಡುವುದು ಎಂಜಿನ್ ಬಿಸಿಯಾದ ಮೇಲೆ. ಬೆಳಗಿನ ಹೊಗೆ ಅದಕ್ಕೆ ಕಾಣುವುದೇ ಇಲ್ಲ, ಹಾಗಾಗಿ ಅದರ ಸಮಾಧಾನ ಬೇಡ.

ಸುಡದ ಡೀಸೆಲ್ ಪೂರ್ತಿ ಹೊರಗೆ ಹೋಗುವುದಿಲ್ಲ. ಒಂದಷ್ಟು ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗಿನ ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳುವಾಗುತ್ತದೆ. ಮೇಲೆ ಹೇಳಿದೆನಲ್ಲ, ಟರ್ಬೊ ಶಾಫ್ಟ್ ತೇಲುವುದು ಅದೇ ಆಯಿಲ್ ಮೇಲೆ ಅಂತ. ಸಣ್ಣ ಪ್ಲಗ್ಗನ್ನು ಅಲಕ್ಷ್ಯ ಮಾಡಿದರೆ ಕೊನೆಗೆ ನಿಜವಾಗಿಯೂ ಟರ್ಬೊಗೆ ಪೆಟ್ಟು ಬೀಳುತ್ತದೆ. ಸೆಲ್ಫ್ ಮೋಟರಿಗೂ ಬ್ಯಾಟರಿಗೂ ಕಷ್ಟ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರಿನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುತ್ತದೆ, ಅದಕ್ಕೂ ಈ ಹಸಿ ಡೀಸೆಲ್ ಒಳ್ಳೆಯದಲ್ಲ.

ಕೆಲವರು ಇನ್ನೊಂದು ಕೆಲಸ ಮಾಡುತ್ತಾರೆ, ಹೊಗೆ ಕಂಡರೆ ದಪ್ಪ ಆಯಿಲ್ ಹಾಕಿಸುತ್ತಾರೆ. 5ಡಬ್ಲ್ಯು-30 ಕೇಳುವ ಎಂಜಿನ್‌ಗೆ 20ಡಬ್ಲ್ಯು-50 ಹಾಕಿದರೆ ಚಳಿಯ ಬೆಳಿಗ್ಗೆ ಅದು ಟರ್ಬೊವರೆಗೆ ಮುಟ್ಟುವುದೇ ತಡವಾಗುತ್ತದೆ. ಇದನ್ನು ಯಾರೂ ಮಾಡಬೇಡಿ.

ಕದ್ರಿ ಕಂಬಳ

ನಡುವೆ ಬಂದದ್ದಕ್ಕೆ ಕ್ಷಮಿಸಿ, ನನ್ನದು ಟರ್ಬೊ ಪೆಟ್ರೋಲ್. ಹೀಟರ್ ಪ್ಲಗ್ ಮಾತೇ ಇಲ್ಲ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ನೀಲಿ ಹೊಗೆ ಬುಸ್ ಅಂತ ಬಂದು ನಿಲ್ಲುತ್ತದೆ. ಮಂಗಳೂರಲ್ಲೂ ಬರುತ್ತದೆ. ಶಿರಾಡಿ ಇಳಿದು ಗುಂಡ್ಯ ಹತ್ತಿರ ಮತ್ತೆ ಆಕ್ಸಿಲರೇಟರ್ ಒತ್ತಿದಾಗಲೂ ಹಿಂದಿನಿಂದ ನೀಲಿ ಕಂಡಿತು ಅಂತ ಹಿಂದೆ ಬರುತ್ತಿದ್ದ ಸ್ನೇಹಿತ ಹೇಳಿದ. ಆಯಿಲ್ ಸ್ವಲ್ಪ ಸ್ವಲ್ಪ ಇಳಿಯುತ್ತಿದೆ.

ಬಜ್ಪೆ ಸ್ಪ್ಯಾನರ್

ನೀವು ಹೇಳಿದ ಎರಡೂ ಗುರುತು ವಾಲ್ವ್ ಸ್ಟೆಮ್ ಸೀಲ್ (ವಾಲ್ವ್ ಕಡ್ಡಿಯ ಸುತ್ತ ಆಯಿಲ್ ತಡೆಯುವ ಸೀಲ್) ಕಡೆಗೆ ಬೆರಳು ತೋರಿಸುತ್ತವೆ. ಹೆಡ್ ಮೇಲಿನ ಆಯಿಲ್ ರಾತ್ರಿಯಿಡೀ ಗಟ್ಟಿಯಾದ ರಬ್ಬರ್ ಸೀಲ್ ಸಂದಿಯಿಂದ ಹನಿಹನಿಯಾಗಿ ಕೆಳಗಿಳಿಯುತ್ತದೆ. ಬೆಳಿಗ್ಗೆ ಅದಷ್ಟೂ ಒಮ್ಮೆಲೇ ಸುಟ್ಟು ಮುಗಿಯುತ್ತದೆ, ಅದಕ್ಕೇ ಒಂದೇ ಸಲ ಬುಸ್. ಘಾಟಿ ಇಳಿಯುವಾಗ ಗೇರಿನಲ್ಲಿ ಹಿಡಿದು ಬರುತ್ತೀರಿ, ಪೆಟ್ರೋಲ್ ಎಂಜಿನ್‌ನಲ್ಲಿ ಥ್ರಾಟಲ್ ಮುಚ್ಚಿರುತ್ತದೆ, ಇಂಟೇಕ್ ಒಳಗೆ ಜೋರು ನಿರ್ವಾತ ಹುಟ್ಟಿ ಅದೇ ಸಂದಿಯಿಂದ ಆಯಿಲ್ ಎಳೆದುಕೊಳ್ಳುತ್ತದೆ. ಮತ್ತೆ ಒತ್ತಿದಾಗ ಸುಡುತ್ತದೆ. ಪಂಪ್‌ವೆಲ್ ಟ್ರಾಫಿಕ್ಕಿನಲ್ಲಿ ಜಾಸ್ತಿ ಹೊತ್ತು ಐಡಲ್ ನಿಂತು ಹೊರಟಾಗಲೂ ನೀಲಿ ಬರುತ್ತದಾ ಕನ್ನಡಿಯಲ್ಲಿ ನೋಡಿ.

ಆದರೆ ಮೊದಲು ಪಿಸಿವಿ ನೋಡಿಸಿ. ಕ್ರ್ಯಾಂಕ್‌ಕೇಸಿನ ಗಾಳಿಯನ್ನು ಇಂಟೇಕಿಗೆ ಬಿಡುವ ಸಣ್ಣ ವಾಲ್ವ್ ಅದು. ಅದರ ಒಳಗಿನ ರಬ್ಬರ್ ಹರಿದರೆ ಆಯಿಲ್ ಸಮೇತ ಒಳಗೆ ಎಳೆಯುತ್ತದೆ. ಐಡಲ್‌ನಲ್ಲಿ ಆಯಿಲ್ ಕ್ಯಾಪ್ ತೆಗೆಯಲು ಹೋದಾಗ ಜೋರಾಗಿ ಹೀರಿ ಹಿಡಿದುಕೊಂಡರೆ, ಸಿಳ್ಳೆ ಶಬ್ದ ಬಂದರೆ ಅಲ್ಲೇ ತೊಂದರೆ. ಅದೇ ಕ್ಯಾಪಿನಿಂದ ಬುಸುಬುಸು ಗಾಳಿ ಹೊರಗೆ ನುಗ್ಗಿದರೆ ಪಿಸ್ಟನ್ ರಿಂಗ್ ಸವೆದಿರಬಹುದು, ಆಗ ಕಂಪ್ರೆಶನ್ ಮತ್ತು ಲೀಕ್‌ಡೌನ್ (ಸಿಲಿಂಡರಿನಿಂದ ಗಾಳಿ ಎಷ್ಟು ಸೋರುತ್ತದೆ ಅನ್ನುವ) ಪರೀಕ್ಷೆ ಮಾಡಿಸಬೇಕು. ರಿಂಗ್ ಹೋದರೆ ಹೊಗೆ ಲೋಡ್ ಮೇಲೆ ಬರುತ್ತದೆ, ಘಾಟಿ ಹತ್ತುವಾಗ. ಇಳಿದ ಮೇಲೆ ಅಲ್ಲ.

ಟರ್ಬೊ ಕೊನೆಯಲ್ಲಿ ನೋಡಿ.

ಬಂಟ್ವಾಳ ಸೇತುವೆ

ಸಿಹಿ ವಾಸನೆಯ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ, ನಮ್ಮ ಮನೆಯ ಡೀಸೆಲ್ ಗಾಡಿಗೆ ಅದೇ ಆಗಿತ್ತು. ಬೆಳಿಗ್ಗೆ ಬಿಳಿ ಹೊಗೆ, ಆದರೆ ಕಣ್ಣು ಉರಿಯುತ್ತಿರಲಿಲ್ಲ. ಕೂಲೆಂಟ್ ಇಳಿಯುತ್ತಿತ್ತು, ಕೆಳಗೆ ಎಲ್ಲೂ ಸೋರಿದ ಗುರುತು ಇರಲಿಲ್ಲ. ಆಯಿಲ್ ಶುದ್ಧ. ಕೊನೆಗೆ ಸಿಕ್ಕಿದ್ದು ಇಜಿಆರ್ ಕೂಲರ್ (ಇಂಟೇಕಿಗೆ ಮರಳುವ ಎಕ್ಸಾಸ್ಟ್ ಗಾಳಿಯನ್ನು ಕೂಲೆಂಟಿನಿಂದ ತಂಪು ಮಾಡುವ ಭಾಗ) ಒಳಗಿನ ಬಿರುಕು. ಬಿಸಿ ಎಂಜಿನ್ ಆಫ್ ಮಾಡಿದ ಮೇಲೂ ಕೂಲೆಂಟಿನಲ್ಲಿ ಒತ್ತಡ ಉಳಿದಿರುತ್ತದೆ, ಅದು ಬಿರುಕಿನಿಂದ ಮೆಲ್ಲಗೆ ಒಳಗೆ ಸೇರಿ ಬೆಳಿಗ್ಗೆ ಆವಿಯಾಗಿ ಹೊರಗೆ ಬರುತ್ತದೆ. ಹೆಡ್ ಗ್ಯಾಸ್ಕೆಟ್ಟೋ ಕೂಲರೋ ಅಂತ ತಿಳಿಯಲು ಕೂಲೆಂಟ್ ಟ್ಯಾಂಕಿನ ಬಾಯಿಗೆ ನೀಲಿ ದ್ರವದ ಟೆಸ್ಟರ್ ಇಟ್ಟು ನೋಡುತ್ತಾರೆ. ಸಿಲಿಂಡರಿನ ಗ್ಯಾಸ್ ಕೂಲೆಂಟಿಗೆ ಸೇರುತ್ತಿದ್ದರೆ ನೀಲಿ ಹಸಿರಿಗೋ ಹಳದಿಗೋ ತಿರುಗುತ್ತದೆ. ನಮ್ಮದರಲ್ಲಿ ಬಣ್ಣ ಬದಲಾಗಲಿಲ್ಲ, ಹಾಗಾಗಿ ಹೆಡ್ ಬಿಚ್ಚುವುದು ತಪ್ಪಿತು.

ನಮ್ಮ ಕಡೆ ಬಾವಿ ನೀರನ್ನೇ ರೇಡಿಯೇಟರಿಗೆ ಹೊಯ್ಯುವ ಅಭ್ಯಾಸ ಜಾಸ್ತಿ. ಬರೀ ನೀರಲ್ಲಿ ತುಕ್ಕು ತಡೆಯುವ ಮದ್ದು ಇರುವುದಿಲ್ಲ, ಒಳಗಿಂದ ತಿನ್ನುತ್ತದೆ. ಕೂಲೆಂಟ್ ಸಿಹಿ ಅಂತ ಯಾರೂ ನಾಲಗೆಗೆ ಮುಟ್ಟಿಸಬೇಡಿ, ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಚೆಲ್ಲಿದರೆ ನೀರು ಹಾಕಿ ತೊಳೆಯಿರಿ, ನಾಯಿ ಬೆಕ್ಕು ನೆಕ್ಕಿ ಸಾಯುತ್ತವೆ.

ಕಲ್ಸಂಕ

ಎಲ್ಲರಿಗೂ ಹೇಳಲೇಬೇಕು. ಪರಿಚಯದ ಎಲೆಕ್ಟ್ರಿಷಿಯನ್ ಜೊತೆ ಮೀಟರ್ ಹಿಡಿದು ನೋಡಿದೆವು. ನಾಲ್ಕರಲ್ಲಿ ಎರಡು ಪ್ಲಗ್ ಓಪನ್. ಮೂರನೆಯದು ಉಳಿದದ್ದಕ್ಕಿಂತ ತುಂಬ ಜಾಸ್ತಿ ಓಮ್ ತೋರಿಸುತ್ತಿದೆ. ರಿಲೇ ಕನೆಕ್ಟರಿನ ಒಂದು ಪಿನ್ ಹಸಿರು, ಮಲ್ಟಿಮೀಟರ್ ಅವರು ಹೇಳಿದ ಹಾಗೇ. ಏರ್ ಹೋಸ್ ತೆಗೆದು ಟರ್ಬೊ ಚಕ್ರವನ್ನೂ ನೋಡಿದೆವು, ಹಿಂದೆ ಮುಂದೆ ಆಟ ಇಲ್ಲ, ಎಲೆ ಎಲ್ಲೂ ತಾಗಿಲ್ಲ. ಈಗ ನಾಲ್ಕೂ ಪ್ಲಗ್ ಬದಲಿಸಲು ಯೋಚಿಸಿದ್ದೇನೆ. ಬಿಚ್ಚುವಾಗ ಮುರಿಯುತ್ತದೆ ಅಂತ ಹೆದರಿಸುತ್ತಿದ್ದಾರೆ, ನಿಜವಾ?

ಬಜ್ಪೆ ಸ್ಪ್ಯಾನರ್

ಇದು ಸುಮ್ಮನೆ ಹೆದರಿಸುವ ಮಾತಲ್ಲ. ವರ್ಷಗಟ್ಟಲೆ ಬಿಚ್ಚದ ಪ್ಲಗ್ ಮಸಿ ಹಿಡಿದು ಹೆಡ್‌ಗೆ ಕಚ್ಚಿಕೊಂಡಿರುತ್ತದೆ. ಅದು ತೆಳು ಕಡ್ಡಿ, ಜೋರು ಮಾಡಿದರೆ ತುಂಡಾಗುತ್ತದೆ. ತುಂಡಾದರೆ ಒಳಗಿನ ಚೂರು ತೆಗೆಯಲು ಬೇರೆ ಹತ್ಯಾರ ಬೇಕು, ಕೆಲವೊಮ್ಮೆ ಹೆಡ್ಡೇ ಇಳಿಸಬೇಕು. ಸಣ್ಣ ಖರ್ಚಿನ ಕೆಲಸ ಎಲ್ಲಿಗೋ ಹೋಗುತ್ತದೆ.

ಹಿಂದಿನ ದಿನವೇ ಪ್ಲಗ್ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಎಂಜಿನ್ ಚೆನ್ನಾಗಿ ಬಿಸಿ ಇರುವಾಗ ಬಿಚ್ಚಿಸಿ. ಟಾರ್ಕ್ ರೆಂಚ್ ಬೇಕೇ ಬೇಕು, ಇಷ್ಟಕ್ಕಿಂತ ಜಾಸ್ತಿ ಬಲ ಹಾಕಬಾರದು ಅಂತ ಪ್ಲಗ್ ತಯಾರಕರು ಮಿತಿ ಕೊಟ್ಟಿರುತ್ತಾರೆ. ಆ ಮಿತಿಗೆ ಬಂದರೂ ಸಡಿಲಾಗದಿದ್ದರೆ ನಿಲ್ಲಿಸಿ, ಮತ್ತೆ ಎಣ್ಣೆ, ಮತ್ತೆ ಬಿಸಿ. ಮುಂದಕ್ಕೆ ಸ್ವಲ್ಪ, ಹಿಂದಕ್ಕೆ ಸ್ವಲ್ಪ ಅಂತ ಮೆಲ್ಲಗೆ ತಿರುಗಿಸಬೇಕು. ಇದನ್ನು ತಾಳ್ಮೆಯಿಂದ ಮಾಡುವವರ ಹತ್ತಿರ ಹೋಗಿ. ಅವಸರದವರ ಹತ್ತಿರ ಬೇಡ. ಹೊಸ ಪ್ಲಗ್ ಹಾಕುವ ಮೊದಲು ತೂತಿನ ಮಸಿ ತೆಗೆಯಬೇಕು, ನಿಮ್ಮ ಎಂಜಿನ್ ನಂಬರಿಗೆ ಹೊಂದುವ ವೋಲ್ಟೇಜಿನ ಪ್ಲಗ್ಗೇ ತರಬೇಕು. ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಒಂದೇ ವಯಸ್ಸಿನವು, ಉಳಿದದ್ದೂ ಬೇಗ ಹೋಗುತ್ತದೆ.

ಕಲ್ಸಂಕ

ಪ್ಲಗ್ ಎಲ್ಲ ಬಂತು, ಯಾವುದೂ ಮುರಿಯಲಿಲ್ಲ. ಕನೆಕ್ಟರ್ ತೊಳೆದು ಪಿನ್ ಬದಲಿಸಿದರು. ಮೊನ್ನೆ ಮೂಡಿಗೆರೆಯಲ್ಲಿ ಬೆಳಿಗ್ಗೆ ಸುರುಳಿ ದೀಪ ಆರುವವರೆಗೆ ಕಾದು ಸ್ಟಾರ್ಟ್ ಮಾಡಿದೆ. ಸೆಲ್ಫ್ ಕೂಡಲೇ ಹಿಡಿಯಿತು, ನಡುಕ ಇಲ್ಲ. ಸ್ವಲ್ಪ ಬೆಳ್ಳಗೆ ಬಂತು, ಆದರೆ ಬಂಪರ್ ದಾಟುವಷ್ಟರಲ್ಲಿ ಕರಗಿತು, ವಾಸನೆ ಇಲ್ಲ. ಕಾಗದ ಹಿಡಿದು ನೋಡಿದೆ, ಒಣಗಿದ ಮೇಲೆ ಗುರುತಿಲ್ಲ. ಇದು ಆವಿ ಅಲ್ವಾ? ಖರ್ಚು ಟರ್ಬೊಗೆ ಹೇಳಿದ್ದರ ಹತ್ತನೇ ಒಂದು ಪಾಲೂ ಆಗಲಿಲ್ಲ.

ಪಣಂಬೂರು ಡೀಸೆಲ್

ಹೌದು, ಅದು ಆವಿ. ತುಂಬ ಖುಷಿಯಾಯಿತು. ಇನ್ನು ಆಯಿಲ್ ಒಮ್ಮೆ ಬದಲಿಸಿಬಿಡಿ, ಇಷ್ಟು ದಿನ ಡೀಸೆಲ್ ಸೇರಿರಬಹುದು. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರು ದೋಸೆಗೆ ನಿಲ್ಲಿಸುವಾಗ ತಕ್ಷಣ ಕೀ ತೆಗೆಯಬೇಡಿ, ಒಂದು ನಿಮಿಷ ಐಡಲ್ ಬಿಡಿ. ಟರ್ಬೊ ಕಾದಿರುತ್ತದೆ, ಆಯಿಲ್ ಹರಿವು ನಿಂತರೆ ಅಲ್ಲೇ ಸುಟ್ಟು ಕರಿ ಕಟ್ಟುತ್ತದೆ. ಆ ಕರಿಯೇ ಮುಂದೆ ಆಯಿಲ್ ದಾರಿಯನ್ನು ಮುಚ್ಚುವುದು.

ಕಾರ್ಕಳ ಬಂಡೆ

ಇದನ್ನು ಓದಿ ನನ್ನ ಕಾರಿನ ಪ್ಲಗ್ ಅಳೆಸಿದೆ. ನನ್ನದರಲ್ಲೂ ಒಂದು ಸತ್ತಿದೆ, ಇಷ್ಟು ದಿನ ಗೊತ್ತೇ ಇರಲಿಲ್ಲ. ನನ್ನ ತಮ್ಮನದ್ದು ಬಿಎಸ್6 ಡೀಸೆಲ್, ಅದರಲ್ಲಿ ಡಿಪ್‌ಸ್ಟಿಕ್ ಮಟ್ಟ ಏರಿದೆ ಅನ್ನುತ್ತಾನೆ. ಅದೂ ಪ್ಲಗ್ಗಾ?

ಬಜ್ಪೆ ಸ್ಪ್ಯಾನರ್

ಅವರು ಬರೀ ಕಾರ್ಕಳ ಪೇಟೆಯಲ್ಲೇ ಓಡಿಸುತ್ತಾರಾ? ಡಿಪಿಎಫ್ ತನ್ನ ಮಸಿ ಸುಡಲು ಜಾಸ್ತಿ ಡೀಸೆಲ್ ಸಿಂಪಡಿಸಿ ಒಳಗೆ 600 ಡಿಗ್ರಿ ಹತ್ತಿರ ಬಿಸಿ ಮಾಡಿಕೊಳ್ಳುತ್ತದೆ. ಅದು ಮುಗಿಯುವ ಮೊದಲೇ ಕಾರು ಆಫ್ ಆಗುತ್ತಾ ಇದ್ದರೆ ಆ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ, ಮಟ್ಟ ಏರುತ್ತದೆ. ಮೇಲಿನ ಗೆರೆ ದಾಟಿದ್ದರೆ ಓಡಿಸುವುದು ಬೇಡ, ಮೊದಲು ಆಯಿಲ್ ಬದಲಿಸಲಿ. ತುಂಬ ಏರಿದರೆ ಡೀಸೆಲ್ ಎಂಜಿನ್ ಆ ಆಯಿಲನ್ನೇ ಕುಡಿದು ಓಡಲು ಶುರು ಮಾಡಬಹುದು, ಆಗ ಕೀ ತೆಗೆದರೂ ನಿಲ್ಲುವುದಿಲ್ಲ. ಮ್ಯಾನುಯಲ್ ಗಾಡಿಯಾದರೆ ಮೇಲಿನ ಗೇರ್ ಹಾಕಿ, ಬ್ರೇಕ್ ಒತ್ತಿ ಹಿಡಿದು ಕ್ಲಚ್ ಬಿಟ್ಟು ನಿಲ್ಲಿಸಬೇಕು. ತಮ್ಮನಿಗೆ ಇವತ್ತೇ ಫೋನ್ ಮಾಡಿ ಹೇಳಿ. ಆಯಿಲ್ ಬದಲಿಸುವಾಗ ಬೂದಿ ಕಡಿಮೆ ಇರುವ, ಡಿಪಿಎಫ್‌ಗೆ ಅಂತಲೇ ಮಾಡಿದ ಆಯಿಲ್ ಕೇಳಲಿ. ಆಮೇಲೆ ವಾರಕ್ಕೊಮ್ಮೆಯಾದರೂ ಮೂಡುಬಿದಿರೆ ದಾಟಿ ಮಂಗಳೂರವರೆಗೆ ಒಂದೇ ವೇಗದಲ್ಲಿ ಓಡಿಸಿ ಬರಲಿ.